ಅವರಿಗೆ ಲೈಸೆನ್ಸು, ಇವರಿಗೆ ಜೈಲು
(ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಬೋನಸ್ಸು, ತುಟ್ಟಿಭತ್ಯೆಗಳ ಮಾತು ಬಿಟ್ಟು ಅಮೆರಿಕದ ಕಳ್ಳಿ, ಅಣಬೆಗಳ ಕಥೆ ನಮಗೇಕೆಂದು ಹಿಂದೆ ಕುಳಿತವರು ಗೊಣಗಿದ್ದು ಕೇಳಿಸಿತು. ಹಾಗಾದರೆ ಕೆಲಸ ಕಳೆದುಕೊಂಡ ಒಬ್ಬ ನೌಕರನಿಂದಲೇ ಆರಂಭಿಸುತ್ತೇನೆ.

ಅವನ ಹೆಸರು ಆಲ್‌ಫ್ರೆಡ್ ಸ್ಮಿತ್. ಕ್ಲಾಮತ್ ಎಂಬ ಮೂಲನಿವಾಸಿ ಬುಡಕಟ್ಟಿನವನು. ತಾನೇ ಕುಡಿತ ಬಿಟ್ಟು ಗೆದ್ದವನು. ಆರಿಗನ್ ರಾಜ್ಯದಲ್ಲಿ ಚಟ ಬಿಡಿಸುವ ಸಂಸ್ಥೆಯೊಂದರಲ್ಲಿ ದುಡಿಯುತ್ತಿದ್ದ. ಮೂಲನಿವಾಸಿಗಳ ಚರ್ಚಿನಲ್ಲಿ ಪೆಯೋಟೆ ಎಂಬ ಮುಳ್ಳಿಲ್ಲದ ಕಳ್ಳಿಯನ್ನು ಪ್ರಸಾದವೆಂದು ಸೇವಿಸುತ್ತಾರೆ. ರಾತ್ರಿಯೆಲ್ಲ ಬೆಂಕಿಯ ಸುತ್ತ ಕುಳಿತು ಪ್ರಾರ್ಥಿಸುತ್ತಾರೆ. ಮನಸ್ಸಿನ ಬೇನೆಗೆ, ಕುಡಿತದ ಚಟಕ್ಕೆ ಅದು ಮದ್ದೆಂಬುದು ಅವರ ನಂಬಿಕೆ. ಆ ಪ್ರಸಾದ ತೆಗೆದುಕೊಂಡದ್ದಕ್ಕೆ 1984ರಲ್ಲಿ ಸ್ಮಿತ್‌ನ ಕೆಲಸ ಹೋಯಿತು. ನಿರುದ್ಯೋಗ ಭತ್ಯೆ ಕೇಳಿದರೆ, ದುರ್ನಡತೆಯಿಂದ ಕೆಲಸ ಹೋದವನಿಗೆ ಭತ್ಯೆಯಿಲ್ಲ ಎಂದರು. ದುರ್ನಡತೆ! ಚಾರ್ಜ್‌ಶೀಟುಗಳಲ್ಲಿ ಈ ಪದವನ್ನು ನೀವು ಓದಿಲ್ಲವೆ? ಅವನ ಮೇಲೆ ಕ್ರಿಮಿನಲ್ ಮೊಕದ್ದಮೆ ಕೂಡ ಇರಲಿಲ್ಲ. ಆದರೂ 1990ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅವನ ವಿರುದ್ಧವೇ ತೀರ್ಪಿತ್ತಿತು. ಗದ್ದಲವೆದ್ದ ಮೇಲೆ, 1994ರಲ್ಲಿ ಶಾಸನ ತಿದ್ದಿ ಮೂಲನಿವಾಸಿಗಳ ಪೆಯೋಟೆ ಪೂಜೆಗೆ ರಕ್ಷಣೆ ಕೊಟ್ಟರು.

ಅದೇ ಆರಿಗನ್ನಿನ ಮತದಾರರು 2020ರಲ್ಲಿ ಸೈಲೊಸೈಬಿನ್ ಅಣಬೆಯ ಸೇವೆಗೆ ಅನುಮತಿ ಕೊಟ್ಟರು. ಅಣಬೆ ಬೇರೆ, ಕಳ್ಳಿ ಬೇರೆ, ನಿಜ. ಆದರೆ 1970ರ ಕೇಂದ್ರ ಕಾನೂನು ಎರಡನ್ನೂ ಹೆರಾಯಿನ್ ಜೊತೆಗೆ ಒಂದೇ ಕಠಿಣ ಪಟ್ಟಿಗೆ ಸೇರಿಸಿತ್ತು. 2023ರಲ್ಲಿ ಅಣಬೆ ಕೇಂದ್ರಗಳು ತೆರೆದವು. ಕೇಂದ್ರವೊಂದಕ್ಕೆ ವರ್ಷದ ಲೈಸೆನ್ಸು ಶುಲ್ಕ 10,000 ಡಾಲರು! ನಮ್ಮ ವರ್ತಕ ಮಿತ್ರರು ಲೆಕ್ಕ ಹಾಕಲಿ. ಇಷ್ಟು ತೆತ್ತವನು ಗಿರಾಕಿಯಿಂದ ಎಷ್ಟು ಕೀಳಬೇಕು? ಒಂದು ಸಲದ ಖರ್ಚು ಎಷ್ಟೋ ಕಡೆ ಸಾವಿರ ಡಾಲರು ದಾಟಿತು.

ಈ ವಿದ್ಯೆ ಯಾರದು? ಮೆಕ್ಸಿಕೋದ ವಾಹಕಾ ಬೆಟ್ಟಗಳಲ್ಲಿ ವಾವುಟ್ಲಾ ಎಂಬ ಊರು. ಅಲ್ಲಿ ಮಾಸಾಟೆಕ್ ಬುಡಕಟ್ಟಿನ ಮರಿಯಾ ಸಬೀನಾ ಎಂಬ ಬಡ ಹೆಂಗಸು ರೋಗಿಗಳಿಗಾಗಿ ಅಣಬೆಯ ಪೂಜೆ ನಡೆಸುತ್ತಿದ್ದಳು. 1955ರಲ್ಲಿ ಗಾರ್ಡನ್ ವಾಸನ್ ಬಂದ. ಯಾರವನು? ನ್ಯೂಯಾರ್ಕಿನ ಜೆ. ಪಿ. ಮಾರ್ಗನ್ ಬ್ಯಾಂಕಿನ ಉಪಾಧ್ಯಕ್ಷ! 1957ರಲ್ಲಿ ಲೈಫ್ ಪತ್ರಿಕೆಯಲ್ಲಿ ಚಿತ್ರಸಮೇತ ಬರೆದ. ಮರುವರ್ಷವೇ ಸ್ವಿಟ್ಜರ್‌ಲೆಂಡಿನ ಸ್ಯಾಂಡೋಜ್ ಕಂಪನಿಯ ಆಲ್ಬರ್ಟ್ ಹಾಫ್‌ಮನ್ ಅಣಬೆಯ ಸತ್ವವನ್ನು ಬೇರ್ಪಡಿಸಿದ. ಕಂಪನಿ ಅದನ್ನು ಗುಳಿಗೆ ಮಾಡಿತು. ಊರಿಗೆ ಮೋಜಿನ ಜನ ನುಗ್ಗಿದರು, ಹಿಂದೆಯೇ ಪೊಲೀಸರು. ಸಿಟ್ಟಿಗೆದ್ದ ಊರವರು ಅವಳ ಮನೆ ಸುಟ್ಟರು. 1985ರಲ್ಲಿ ಅವಳು ಬಡವಳಾಗಿಯೇ ಸತ್ತಳು.

ಈಗ ವಿಜ್ಞಾನಿಗಳು ಖಿನ್ನತೆಗೆ ಈ ಸತ್ವವನ್ನು ಪರೀಕ್ಷಿಸುತ್ತಿದ್ದಾರೆ. ಒಳ್ಳೆಯದೇ. ಆದರೆ 1993ರಿಂದ 2017ರವರೆಗಿನ ಇಂಥ ಚಿಕಿತ್ಸಾ ಪ್ರಯೋಗಗಳನ್ನು ಪರಿಶೀಲಿಸಿದಾಗ, ಭಾಗವಹಿಸಿದ 282 ಜನರಲ್ಲಿ ನೂರಕ್ಕೆ 82 ಮಂದಿ ಬಿಳಿಯರು. ಕರಿಯರು ನೂರಕ್ಕೆ ಮೂವರೂ ಇಲ್ಲ. ಅವರು ಏಕೆ ದೂರ ನಿಂತರು? 1986ರ ಕಾನೂನನ್ನು ನೋಡಿ. ಬಡ ಕರಿಯರ ಕೇರಿಗಳಲ್ಲಿ ಮಾರಾಟವಾಗುತ್ತಿದ್ದ ಕ್ರ್ಯಾಕ್ 5 ಗ್ರಾಂ ಮಾರಿದರೆ ಕನಿಷ್ಠ ಐದು ವರ್ಷ ಸೆರೆ. ಪುಡಿ ಕೊಕೇನಾದರೆ ಅದೇ ಶಿಕ್ಷೆಗೆ 500 ಗ್ರಾಂ ಬೇಕು. ವಸ್ತು ಒಂದೇ, ರೂಪ ಬೇರೆ. 2010ರಲ್ಲಿ ಒಂದಕ್ಕೆ ನೂರರ ಅಂತರವನ್ನು ಒಂದಕ್ಕೆ ಹದಿನೆಂಟಕ್ಕೆ ಇಳಿಸಿದರು; ಸಮ ಮಾಡಲಿಲ್ಲ. ಇಷ್ಟು ಕಂಡವನು ಸರ್ಕಾರದ ಅಪ್ಪಣೆ ಇದೆ ಎಂದ ಮಾತ್ರಕ್ಕೆ ಮತ್ತು ಬರುವ ಗುಳಿಗೆ ನುಂಗಲು ಬಂದಾನೆ?

ನಾನು ಮತ್ತಿನ ಪದಾರ್ಥಗಳ ವಕೀಲನಲ್ಲ. ಸಂಬಳದ ದಿನ ಮಿಲ್ಲಿನ ಗೇಟಿನ ಮುಂದೆ ಹೆಂಡ ಏನು ಮಾಡುತ್ತದೆಂಬುದನ್ನು ಇಲ್ಲಿರುವ ತಾಯಂದಿರು ನನಗಿಂತ ಚೆನ್ನಾಗಿ ಬಲ್ಲರು. ನಾನು ಕೇಳುವುದು ಇಷ್ಟು: ಲೈಸೆನ್ಸು ಹಂಚುವ ದಿನವೇ, ಅದೇ ವಸ್ತುವಿಗಾಗಿ ಸೆರೆಯಲ್ಲಿರುವವರ ಬಿಡುಗಡೆಯಾಗಲಿ, ಶಿಕ್ಷೆ ಮುಗಿಸಿದವರ ದಾಖಲೆ ಅಳಿಯಲಿ. ಆ ದಾಖಲೆ ಇರುವವರೆಗೆ ಅವರಿಗೆ ಕೆಲಸ ಕೊಡುವವರು ಯಾರು? ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಬಡವನ ಕೈಗೆಟುಕಲಿ. ಕಂಪನಿಯ ಲಾಭದಲ್ಲಿ ವಾವುಟ್ಲಾದಂಥ ಊರುಗಳ ಪಾಲೆಷ್ಟೆಂಬುದು ಲೆಕ್ಕದ ಪುಸ್ತಕದಲ್ಲಿ ಬರೆದಿರಲಿ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ರಾತ್ರಿ ಪಾಳಿಯವರು ಮೊದಲು ಕೇಳಲಿ.