ಕರೆಂಟ್ ವೈರಿನಲ್ಲಿ ಇಂಟರ್ನೆಟ್: ತಗೋಬೇಕಾ, ವೈಫೈ ಸಾಕಾ?

ಪುಣೆ, ಹೈದರಾಬಾದ್, ಮುಂಬೈ ಕಡೆ ಹೊಸ ಅಪಾರ್ಟ್‌ಮೆಂಟಿಗೆ ಬಾಡಿಗೆಗೆ ಹೋದ ಗೆಳೆಯರದ್ದೆಲ್ಲ ಒಂದೇ ಗೋಳು. ಹಾಲ್‌ನಲ್ಲಿ ರೂಟರ್ ಪಕ್ಕ ಕೂತರೆ 200 ಎಂಬಿಪಿಎಸ್, ಒಳಗಿನ ಬೆಡ್‌ರೂಮಿನಲ್ಲಿ ಆಫೀಸ್ ಕಾಲ್ ಶುರು ಮಾಡಿದ್ರೆ ಮಾತು ತುಂಡು ತುಂಡು. ದೊಡ್ಡ ಪ್ಲಾನ್ ಹಾಕಿಸಿದರೂ ಇದು ಸರಿಹೋಗಲ್ಲ. ತೊಂದರೆ ಇರೋದು ಗೋಡೆಯಲ್ಲಿ.

ಈಗಿನ ಎಷ್ಟೋ ಎತ್ತರದ ಕಟ್ಟಡಗಳಲ್ಲಿ ಮೈವಾನ್ ಅನ್ನೋ ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ, ಗೋಡೆ ಸ್ಲ್ಯಾಬ್ ಎಲ್ಲಾ ಒಟ್ಟಿಗೇ ಕಾಂಕ್ರೀಟ್ ಸುರೀತಾರೆ. ಊರಿನ ಇಟ್ಟಿಗೆ ಗೋಡೆ ಅಲ್ಲ ಇದು. ರೂಮುಗಳ ನಡುವಿನ ಗೋಡೆಯಲ್ಲೂ ಕಬ್ಬಿಣ. 5 ಗಿಗಾಹರ್ಟ್ಸ್ ಸಿಗ್ನಲ್ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತು. 2.4 ಸ್ವಲ್ಪ ಹೆಚ್ಚು ತೂರುತ್ತೆ, ಆದರೆ ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಅಕ್ಕಪಕ್ಕದವರ, ಮೇಲೆ ಕೆಳಗಿನವರ ರೂಟರೆಲ್ಲ ಅಲ್ಲೇ ಕೂತಿರುತ್ತೆ.

ಆಗ ಯಾರಾದರೂ ಪವರ್‌ಲೈನ್ ಅಡಾಪ್ಟರ್ ತಗೋ ಅಂತಾರೆ. ಐಡಿಯಾ ಚೆನ್ನಾಗಿದೆ. ಒಂದು ರೂಟರ್ ಹತ್ರದ ಸಾಕೆಟ್‌ಗೆ, ಇನ್ನೊಂದು ಬೆಡ್‌ರೂಮಿನ ಸಾಕೆಟ್‌ಗೆ. 50 ಹರ್ಟ್ಸ್ ಕರೆಂಟ್ ಹರಿಯೋ ತಂತಿಯಲ್ಲೇ 2 ಮೆಗಾಹರ್ಟ್ಸ್‌ಗಿಂತ ಮೇಲೆ ಡೇಟಾ ಓಡುತ್ತೆ. ಗೋಡೆ ಕೊರೀಬೇಕಿಲ್ಲ, ಓನರ್ ಹತ್ರ ಬೈಸ್ಕೋಬೇಕಿಲ್ಲ.

ದುಡ್ಡು ಕೊಡೋ ಮೊದಲು ಎಂಸಿಬಿ ಬಾಕ್ಸ್ ತೆಗೆದು ನೋಡಿ. ಮನೆಗೆ ಮೂರು ಫೇಸ್ ಬಂದಿದ್ದರೆ ರೂಮುಗಳನ್ನ ಮೂರಕ್ಕೂ ಹಂಚಿರ್ತಾರೆ. ಹಾಲ್ ಒಂದು ಫೇಸ್, ಬೆಡ್‌ರೂಮ್ ಇನ್ನೊಂದು ಆದರೆ ಸಿಗ್ನಲ್ ತಂತಿಯಿಂದ ತಂತಿಗೆ ಸೋರಿ ಹೋದಷ್ಟೇ ಲಾಭ. ಇನ್ವರ್ಟರ್ ಇದ್ದರೆ ಎರಡೂ ಸಾಕೆಟ್ ಅದರ ಲೈನಿನಲ್ಲಿವೆಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಕರೆಂಟ್ ಹೋದ ಕೂಡಲೇ ಕಾಲ್ ಕೂಡ ಹೋಯ್ತು. ಫಿಲ್ಟರ್ ಇರೋ ಸ್ಪೈಕ್ ಗಾರ್ಡಿಗೆ ಚುಚ್ಚಲೇಬೇಡಿ, ಅದು ಈ ಸಿಗ್ನಲ್ಲನ್ನೇ ಗಲೀಜು ಅಂತ ಸೋಸಿಬಿಡುತ್ತೆ. ಡಬ್ಬದ ಮೇಲೆ ಬರೆದ 1000 ಎಂಬಿಪಿಎಸ್ ಅಂತೂ ಲ್ಯಾಬಿನ ಲೆಕ್ಕ, ಮನೇಲಿ ಅದರ ಅರ್ಧವೂ ಕಷ್ಟ. ಅಡುಗೆಮನೇಲಿ ಚಟ್ನಿಗೆ ಮಿಕ್ಸಿ ತಿರುಗಿದಾಗ ಇನ್ನೂ ಕಮ್ಮಿ.

ಹಾಗಾದ್ರೆ ಏನ್ ಮಾಡೋದು? ವಿಡಿಯೋ ಕಾಲ್‌ಗೆ 4-5 ಎಂಬಿಪಿಎಸ್ ಸಾಕು, ಪ್ಯಾಕೆಟ್ ಸಮಯಕ್ಕೆ ಸರಿಯಾಗಿ ಬರೋದು ಮುಖ್ಯ. ಬೆಡ್‌ರೂಮಿನಿಂದ ನಿಮ್ಮ ರೂಟರಿಗೇ ಹತ್ತು ನಿಮಿಷ ಪಿಂಗ್ ಹಾಕಿ. 10 ಮಿಲಿಸೆಕೆಂಡ್ ಒಳಗೇ ನಿಂತ್ಕೊಂಡಿದ್ರೆ ವೈಫೈ ಸರಿಯಿದೆ, ಜಗಳ ಇಂಟರ್ನೆಟ್ ಕಂಪನಿ ಜೊತೆ ಆಡಿ. ಆಗಾಗ 300ಕ್ಕೆ ಹಾರಿದ್ರೆ ಮಾತ್ರ ಮುಂದಿನ ಖರ್ಚು.

ನನ್ನ ಕೇಳಿದ್ರೆ ಮೊದಲು ಹಳೇ ಉಪಾಯ. ಬೆಡ್‌ರೂಮಿನ ಟಿವಿ ಪಾಯಿಂಟಿಗೆ ಗೋಡೆಯೊಳಗೆ ಪೈಪ್ ಇರುತ್ತಲ್ಲ, ಅದರಲ್ಲಿ ಕ್ಯಾಟ್ 6 ಕೇಬಲ್ ಎಳೆಸಿ. 100 ಮೀಟರ್‌ವರೆಗೂ ಪೂರ್ತಿ 1 ಗಿಗಾಬಿಟ್. ಪೈಪ್ ಮುಚ್ಚಿಹೋಗಿದ್ರೆ ಮೆಶ್ ವೈಫೈ, ಆದರೆ ಎರಡನೇ ಡಬ್ಬ ಬೆಡ್‌ರೂಮಿನ ಮೂಲೇಲಿ ಬೇಡ, ರೂಟರಿನ ಸಿಗ್ನಲ್ ಇನ್ನೂ ಚೆನ್ನಾಗಿರೋ ಪ್ಯಾಸೇಜಿನಲ್ಲಿಡಿ. ಪವರ್‌ಲೈನ್ ಮೂರನೇದು, ಅದೂ ಎರಡೂ ಸಾಕೆಟ್ ಒಂದೇ ಫೇಸಿನಲ್ಲಿದ್ದು, ವಾಪಸ್ ತಗೊಳ್ಳೋ ಅಂಗಡಿ ಸಿಕ್ಕಿದ್ರೆ. ತಂದ ದಿನವೇ ಎರಡರಲ್ಲೂ ಪೇರ್ ಬಟನ್ ಒತ್ತಿ ಹೊಸ ಕೀ ಮಾಡ್ಕೊಳ್ಳಿ. ಸಿಗ್ನಲ್ ನಿಮ್ಮ ಮೀಟರ್ ದಾಟಿ ಪಕ್ಕದ ಮನೆ ತಂತಿಗೂ ಹೋಗಬಹುದು.