ಪೂರ್ವತಯಾರಿಯ ಹೊತ್ತು ಯಾರದು?



ಬೈಂದೂರು ತಾಲೂಕಿನ ಯಡ್ತರೆಯಲ್ಲಿ ಸೇರಿದ, ಬೈಂದೂರು, ಕುಂದಾಪುರ, ಬ್ರಹ್ಮಾವರ ವಲಯಗಳ ಶಿಕ್ಷಕರ ಈ ಸಮಾವೇಶಕ್ಕೆ ನಿವೃತ್ತಳಾದ ನನ್ನನ್ನು ಅಧ್ಯಕ್ಷಳಾಗಿ ಕರೆದಿದ್ದೀರಿ.  ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ ಎಲ್ಲ ಸೇರಿ ಈಗಾಗಲೇ ಗಂಟೆ ಎರಡಾಯಿತು. ಶಿಕ್ಷಕರ ಆರೋಗ್ಯದ ಬಗ್ಗೆ ಮಾತಾಡಲು ಬಂದವಳು ನಿಮ್ಮ ಊಟ ತಪ್ಪಿಸಬಾರದು. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಇನ್ನು ಕೆಲವೇ ದಿನಗಳಲ್ಲಿ ಶಾಲೆ ತೆರೆಯುತ್ತದೆ. ಪೇಟೆಯಲ್ಲಿ ಯಾರು ಸಿಕ್ಕಿದರೂ ಕೇಳುವುದು ಒಂದೇ ಮಾತು: "ಎಂತ ಟೀಚ್ರೆ, ಎರಡ್ ತಿಂಗ್ಳ್ ರಜೆ, ಆರಾಮ್ ಅಲ್ದಾ?" ಕೇಳುವವರಲ್ಲಿ ಕೆಟ್ಟ ಮನಸ್ಸಿಲ್ಲ. ಅವರ ಕಣ್ಣಿಗೆ ಕಾಣುವುದು ಮುಚ್ಚಿದ ಗೇಟು ಮಾತ್ರ. ಬೇಸಿಗೆ ರಜೆ ಕಾಗದದ ಮೇಲೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯ ವಾರದವರೆಗೆ. ಪ್ರೌಢಶಾಲೆಯವರಿಗೆ ಏಪ್ರಿಲ್ ಎಂದರೆ ಮೌಲ್ಯಮಾಪನ. 2024ರಿಂದ ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದ ಮೇಲೆ, ಒಂದರ ಫಲಿತಾಂಶ ಬರುವಷ್ಟರಲ್ಲಿ ಇನ್ನೊಂದರ ಚಿಂತೆ ಸುರುವಾಗುತ್ತದೆ. ಅದೇ 2024ರಲ್ಲಿ ನಮ್ಮ ಉಡುಪಿ ಜಿಲ್ಲೆ ಶೇಕಡಾ 94 ಪಡೆದು ರಾಜ್ಯಕ್ಕೆ ಮೊದಲು ಬಂತು. ಮರುವರ್ಷ ದಕ್ಷಿಣ ಕನ್ನಡ ಮೇಲೇರಿ ನಾವು ಎರಡನೆಯವರಾದೆವು. ಎರಡನೇ ಸ್ಥಾನಕ್ಕೆ ಬೇರೆ ಜಿಲ್ಲೆಗಳಲ್ಲಿ ಪಟಾಕಿ ಹೊಡೆಯುತ್ತಾರೆ. ಇಲ್ಲಿ ಅದು ಕುಸಿತ ಎನಿಸಿಕೊಂಡಿತು. ಈ ಸ್ಥಾನದ ಹುಚ್ಚಿಗೆ ಬೆಲೆ ತೆರುವವರು ಯಾರು ಎಂದು ಲೆಕ್ಕ ಹಾಕಿದವರನ್ನು ನಾನು ಕಂಡಿಲ್ಲ.

ಪ್ರಾಥಮಿಕ ಶಾಲೆಯವರ ಕತೆ ಬೇರೆ. ಇಂಗ್ಲಿಷ್ ಮಾಧ್ಯಮದ ಹಳದಿ ಬಸ್ಸು ಮನೆಯಂಗಳಕ್ಕೇ ಬರುವ ಕಾಲದಲ್ಲಿ ಒಂದನೇ ತರಗತಿಗೆ ನಾಲ್ಕು ಮಕ್ಕಳನ್ನು ತರಲು ದಾಖಲಾತಿ ಆಂದೋಲನದ ಕರಪತ್ರ ಹಿಡಿದು ಮನೆ ಮನೆ ತಿರುಗಬೇಕು. ಮಳೆಗೆ ಮೊದಲು ಒಡೆದ ಹಂಚು ಬದಲಿಸಲು ಜನ ಹುಡುಕಬೇಕು. ಅಕ್ಷರ ದಾಸೋಹದ ಉಗ್ರಾಣದಲ್ಲಿ ಉಳಿದ ಅಕ್ಕಿಗೆ ಹುಳ ಹಿಡಿದಿದೆಯೇ ನೋಡಬೇಕು, ಬಾವಿ, ಟ್ಯಾಂಕು ತೊಳೆಸಬೇಕು. ಬಂದ ಪಠ್ಯಪುಸ್ತಕ, ಸಮವಸ್ತ್ರಗಳನ್ನು ರಿಕ್ಷಾಕ್ಕೆ ಹೇರಿಸಿ ತರಬೇಕು, ಬಾಡಿಗೆ ಎಷ್ಟೋ ಸಲ ಮುಖ್ಯೋಪಾಧ್ಯಾಯರ ಕಿಸೆಯಿಂದ. ಇದರ ಜೊತೆ ವೇಳಾಪಟ್ಟಿ, ವಾರ್ಷಿಕ ಪಾಠ ಹಂಚಿಕೆ, ಕ್ರಿಯಾ ಯೋಜನೆ, ಹಿಂದಿನ ವರ್ಷದ ಕಲಿಕೆ ಅಳೆಯುವ ಸೇತುಬಂಧದ ನೈದಾನಿಕ ಪರೀಕ್ಷೆಯ ಪ್ರಶ್ನೆಗಳು. ಪ್ರಾರಂಭೋತ್ಸವದ ತೋರಣ, ಸಿಹಿಯೂಟ ಲೆಕ್ಕಕ್ಕೇ ಇಲ್ಲ. ಅದು ಖುಷಿಯ ಕೆಲಸ, ದೂರುವುದಿಲ್ಲ.

ಇಷ್ಟೆಲ್ಲ ನಡೆಯುವುದು ಮನೆಯ ಕೆಲಸವೂ ಉಕ್ಕಿ ಬರುವ ತಿಂಗಳಲ್ಲಿ. ಮೇ ತಿಂಗಳಲ್ಲಿ ಈ ಕರಾವಳಿಯ ಯಾವ ಹೆಂಗಸು ಸುಮ್ಮನೆ ಕೂತಿದ್ದಾಳೆ? ಹಲಸಿನ ಹಪ್ಪಳ ಆಗಬೇಕು, ಮಾವಿನ ಮಿಡಿ ಉಪ್ಪಿಗೆ ಬೀಳಬೇಕು, ಕಟ್ಟಿಗೆ ಒಳಗೆ ಸೇರಬೇಕು. ಮದುವೆ, ಉಪನಯನ, ಗೃಹಪ್ರವೇಶ ಎಲ್ಲಕ್ಕೂ ಮುಹೂರ್ತ ಇರುವುದು ಆಗಲೇ. ಸ್ವಂತ ಮಗಳ ಕಾಲೇಜು ಸೀಟು, ಅತ್ತೆಯ ಕಣ್ಣಿನ ಆಪರೇಶನ್ನು ಎಲ್ಲ "ಟೀಚರಿಗೆ ರಜೆ ಉಂಟಲ್ಲ" ಎಂದು ಮೇ ತಿಂಗಳಿಗೇ ಕಾದಿರುತ್ತವೆ. ಗಂಡಸರಾದ ಮಾಷ್ಟ್ರುಗಳು ಇದನ್ನು ಕೇಳಿ ನಗುತ್ತಿದ್ದೀರಿ. ಮನೆಗೆ ಹೋಗಿ ಹಪ್ಪಳದ ಹಿಟ್ಟು ಕುಟ್ಟಲು ಕೈ ಕೊಡಿ, ಆಮೇಲೆ ನಗಿ. ರಜೆ ಮುಗಿದು ಶಾಲೆಗೆ ಬರುವ ಶಿಕ್ಷಕಿ ರಜೆ ಸುರುವಾದಾಗ ಇದ್ದದ್ದಕ್ಕಿಂತ ಹೆಚ್ಚು ದಣಿದಿರುತ್ತಾಳೆ. ಸಿಬ್ಬಂದಿ ಕೊಠಡಿಯಲ್ಲಿ ಯಾರಾದರೂ "ಹೇಂಗಿದ್ರಿ" ಎಂದರೆ "ಅಡ್ಡಿಲ್ಲೆ" ಎಂದು ಹೇಳಿ ಹಾಜರಿ ಪುಸ್ತಕ ತೆರೆಯುತ್ತಾಳೆ.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ನಾವು ಹೆಚ್ಚಾಗಿ ಓದುವುದು ಮಕ್ಕಳಿಗೆ ಎಷ್ಟು ಶಿಕ್ಷಕರು ಎಂಬ ಸಾಲಿಗಾಗಿ. 60 ಮಕ್ಕಳವರೆಗೆ ಇಬ್ಬರು ಎಂಬ ಆ ಸಾಲು ನಮ್ಮ ಘಟ್ಟದ ಬುಡದ ಶಾಲೆಗಳಿಗೆ ಚೆನ್ನಾಗಿ ಗೊತ್ತು. ಇಬ್ಬರಲ್ಲಿ ಒಬ್ಬರು ಒಂದರಿಂದ ಮೂರರ ನಲಿಕಲಿ ಹಿಡಿದರೆ ಇನ್ನೊಬ್ಬರಿಗೆ ಉಳಿದ ಎರಡು ತರಗತಿ ಒಂದೇ ಕೋಣೆಯಲ್ಲಿ. ಅನುಸೂಚಿಯಲ್ಲಿ ಆ ಸಾಲಿನ ಕೆಳಗೆ ಇನ್ನೊಂದು ಸಾಲಿದೆ. ಶಿಕ್ಷಕರ ಕೆಲಸದ ಹೊತ್ತು ವಾರಕ್ಕೆ ಕನಿಷ್ಠ 45 ಗಂಟೆ, ಪೂರ್ವತಯಾರಿಯ ಹೊತ್ತೂ ಸೇರಿ. ಸೇರಿ ಎಂದರೆ ಅದರೊಳಗೇ. ಇದೇ ಅನುಸೂಚಿ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಬೋಧನೆ ಎನ್ನುತ್ತದೆ; ಆರರಿಂದ ಎಂಟಕ್ಕೆ 220 ದಿನ, 1,000 ಗಂಟೆ. ಭಾಗಿಸಿ ನೋಡಿ, ದಿನಕ್ಕೆ ನಾಲ್ಕು, ನಾಲ್ಕೂವರೆ ಗಂಟೆ ಪಾಠ. 45 ಗಂಟೆಯನ್ನು ಆರು ದಿನಕ್ಕೆ ಹಂಚಿದರೆ ದಿನಕ್ಕೆ ಏಳೂವರೆ. ಎರಡೂ ಕನಿಷ್ಠದ ಲೆಕ್ಕ, ಒಪ್ಪುತ್ತೇನೆ. ಆದರೂ ನಡುವೆ ಉಳಿಯುವ ಆ ಮೂರು ಗಂಟೆ ನಾಳಿನ ಪಾಠಕ್ಕೆ ಮೀಸಲು ಎಂಬ ಭಾವನೆ ಕಾನೂನು ಬರೆದವರಿಗಿತ್ತು ಎಂಬುದು ಸ್ಪಷ್ಟ.

ಆ ಮೂರು ಗಂಟೆ ಈಗ ಎಲ್ಲಿದೆ? ಹಾಲಿನ ಪುಡಿಯ ಲೆಕ್ಕದಲ್ಲಿದೆ, ಮೊಟ್ಟೆಯ ಲೆಕ್ಕದಲ್ಲಿದೆ, ಸ್ಯಾಟ್ಸ್, ಯುಡೈಸ್ ಎಂಬ ಆನ್‌ಲೈನ್ ದಾಖಲೆಗಳಲ್ಲಿ, ಆಧಾರ್ ಹೆಸರಿಗೂ ದಾಖಲಾತಿ ಹೆಸರಿಗೂ ಒಂದು ಅಕ್ಷರ ತಾಳೆಯಾಗದ ಮಗುವಿನ ತಿದ್ದುಪಡಿಯಲ್ಲಿದೆ. ಹಾಲು, ಮೊಟ್ಟೆ ಮಕ್ಕಳಿಗೆ ಬೇಕು. ಅದರ ಲೆಕ್ಕ ಬರೆಯಲು ಶಾಲೆಗೊಬ್ಬ ಗುಮಾಸ್ತ ಬೇಡವೆ? ಪಾಠ ಟಿಪ್ಪಣಿ ಬರೆಯುವುದು ರಾತ್ರಿ ಊಟದ ಪಾತ್ರೆ ತೊಳೆದ ಮೇಲೆ. ನಾವು ಇದನ್ನು ನಿಷ್ಠೆ ಎಂದು ಕರೆದುಕೊಂಡು ಬಂದೆವು. ಅದು ಸಂಬಳವಿಲ್ಲದ ಎರಡನೇ ಪಾಳಿ.

ರಜೆಯನ್ನೂ ಹೀಗೇ ಬೇರೆ ಕೆಲಸ ತಿನ್ನುತ್ತದೆ. 2015ರ ಬೇಸಿಗೆ ರಜೆಯಲ್ಲಿ ಜಾತಿ ಸಮೀಕ್ಷೆ ಮಾಡಿದವರು ಯಾರು? ಶಿಕ್ಷಕರು. 2025ರಲ್ಲಿ ಸೆಪ್ಟೆಂಬರ್ 22ರಿಂದ ಮತ್ತೊಮ್ಮೆ, ಈ ಸಲ ದಸರಾ ರಜೆಯಲ್ಲಿ. ಆ್ಯಪ್ ತೆರೆಯದೆ, ನೆಟ್‌ವರ್ಕ್ ಸಿಗದೆ, ತೋಟದ ನಡುವೆ ಮನೆ ಹುಡುಕುತ್ತಾ ಅಲೆದವರು ಈ ಸಭೆಯಲ್ಲಿದ್ದೀರಿ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಶಿಕ್ಷಕರನ್ನು ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. 2027ರ ಜನಗಣತಿಯ ಕೆಲಸವನ್ನು ನಾವು ಮಾಡುತ್ತೇವೆ, ಅದು ದೇಶದ ಕೆಲಸ. ಪಟ್ಟಿಯಲ್ಲಿ ಇಲ್ಲದ್ದನ್ನೂ ಅದರ ಬೆನ್ನಿಗೆ ಕಟ್ಟಬೇಡಿ. ನಮ್ಮದು ರಜಾ ಇಲಾಖೆ ಎಂಬ ಕಾರಣಕ್ಕೇ ಇತರ ನೌಕರರಿಗಿಂತ ಗಳಿಕೆ ರಜೆ ಕಡಿಮೆ. ಆ ಬೇಸಿಗೆ, ದಸರಾ ರಜೆಯನ್ನೂ ಕಿತ್ತುಕೊಂಡರೆ ಕೊಟ್ಟದ್ದೇನು?

ಇನ್ನು ಮಳೆ. ವರ್ಷಕ್ಕೆ 4,000 ಮಿಲಿಮೀಟರ್ ಮೀರಿ ಸುರಿಯುವ ಈ ಜಿಲ್ಲೆಯಲ್ಲಿ ಶಾಲೆ ತೆರೆಯುವುದಕ್ಕೂ ಮಳೆಗಾಲ ಹಿಡಿಯುವುದಕ್ಕೂ ನಡುವೆ ಒಂದು ವಾರದ ಅಂತರ. ಬೆಂಗಳೂರಿನಲ್ಲಿ ಕುಳಿತು ಶಿಕ್ಷಕರ ಆರೋಗ್ಯದ ಬಗ್ಗೆ ತರಬೇತಿ ಸಾಹಿತ್ಯ ಬರೆಯುವವರಿಗೆ ತಗಡಿನ ಮಾಡಿನ ಕೆಳಗೆ ಜುಲೈಯಲ್ಲಿ ಪಾಠ ಮಾಡುವುದು ಹೇಗೆಂದು ಗೊತ್ತಿರಲಿಕ್ಕಿಲ್ಲ. ಎರಡು ತರಗತಿಗೆ ಕೇಳುವಂತೆ ಮಳೆಯ ಸದ್ದಿನ ಮೇಲೆ ಕೂಗಬೇಕು. ಆಗಸ್ಟ್ ಹೊತ್ತಿಗೆ ಎಷ್ಟು ಜನರ ದನಿ ಒಡೆದಿರುತ್ತದೆ! ಒದ್ದೆ ಸೀರೆಯಲ್ಲಿ ಸಂಜೆವರೆಗೆ ನಿಲ್ಲುವುದು, ಶೌಚಾಲಯ ಸರಿಯಿಲ್ಲವೆಂದು ಬೆಳಿಗ್ಗೆಯಿಂದ ನೀರೇ ಕುಡಿಯದಿರುವುದು, ಅದರಿಂದ ಬರುವ ಉರಿಮೂತ್ರ, ಇವನ್ನೆಲ್ಲ ಸಭೆಯಲ್ಲಿ ಹೇಳಲು ನಮಗೆ ನಾಚಿಕೆ. ನಾನು ಹೇಳುತ್ತೇನೆ, ನನಗಿನ್ನು ವರ್ಗಾವಣೆಯ ಭಯವಿಲ್ಲ.

ಮಳೆಯ ಜೊತೆ ಬರುವ ಇನ್ನೊಂದು ಭಾರ ತೋಡು ದಾಟುವ ಕಿರುಸೇತುವೆ, ನಮ್ಮ ಕಾಲುಸಂಕ. 2022ರ ಆಗಸ್ಟಿನಲ್ಲಿ ಇದೇ ತಾಲೂಕಿನ ಕಾಲ್ತೋಡು ಗ್ರಾಮದಲ್ಲಿ ಶಾಲೆಯಿಂದ ಮನೆಗೆ ಹೊರಟ ಮಗು ಕಾಲುಸಂಕದಿಂದ ಜಾರಿ ನೀರುಪಾಲಾಯಿತು. ಅಂದಿನಿಂದ ಈ ಭಾಗದಲ್ಲಿ ಮಧ್ಯಾಹ್ನ ಮೋಡ ಕಪ್ಪಾದರೆ ಶಿಕ್ಷಕಿಗೆ ಪಾಠದಲ್ಲಿ ಮನಸ್ಸು ನಿಲ್ಲುವುದಿಲ್ಲ. ಯಾವ ಮಗು ಯಾವ ತೋಡು ದಾಟಬೇಕು, ಯಾರನ್ನು ಕರೆಯಲು ಮನೆಯವರು ಬರುತ್ತಾರೆ ಎಂಬುದು ತಲೆಯಲ್ಲಿ ಓಡುತ್ತಿರುತ್ತದೆ. ಈ ಆತಂಕವನ್ನು ಪ್ರಾಣಾಯಾಮದಿಂದ ಕಳೆಯಲಾಗದು, ಗಟ್ಟಿ ಸಂಕ ಕಟ್ಟಿಯೇ ಕಳೆಯಬೇಕು.

ಪ್ರಾಣಾಯಾಮದ ಮಾತು ಬಂತು. ಶಿಕ್ಷಕರ ಒತ್ತಡ ನಿವಾರಣೆಗೆಂದು ಭಾನುವಾರ ಕಾರ್ಯಾಗಾರ ಇಡುವ ಪದ್ಧತಿಯೊಂದು ಬಂದಿದೆ. ಒತ್ತಡ ಕಡಿಮೆ ಮಾಡಲು ಇದ್ದ ಒಂದು ರಜೆಯನ್ನೂ ತೆಗೆದುಕೊಳ್ಳುವ ಈ ಉಪಾಯಕ್ಕೆ ಏನು ಹೇಳೋಣ? ಯೋಗ ಒಳ್ಳೆಯದು, ನಾನೂ ಮಾಡುತ್ತೇನೆ. ಆದರೆ ಕೆಲಸದ ಹೊರೆಯನ್ನು ಮುಟ್ಟದೆ ಹೊರುವವನಿಗೆ ಉಸಿರಾಟ ಕಲಿಸುವುದು ಉಪಚಾರವಲ್ಲ. ನಿದ್ದೆ ಹತ್ತದೆ, ಊಟ ಸೇರದೆ, ಶಾಲೆ ಎಂದರೆ ಎದೆ ನಡುಗುವ ಸ್ಥಿತಿಗೆ ಬಂದವರು ಮಾತ್ರ ಹೊರೆ ಇಳಿಯಲೆಂದು ಕಾಯಬೇಡಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಮಕ್ಕಳಿಗೆ ಆ ನಂಬರ್ ಹೇಳುವ ನಾವು ನಮಗೂ ಬಳಸಿಕೊಳ್ಳೋಣ.

ಇಷ್ಟು ಸರ್ಕಾರಕ್ಕೆ. ನಮಗೂ ಸ್ವಲ್ಪ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಜೂನ್ ಒಂದಕ್ಕೇ ಇಡೀ ವರ್ಷದ ತಯಾರಿ ಮುಗಿದಿರಬೇಕೆಂಬ ಹಟ ನಮ್ಮದೇ. ಮೊದಲ ಎರಡು ವಾರಕ್ಕೆ ಬೇಕಾದದ್ದು ಮೂರೇ: ಮಕ್ಕಳ ಹೆಸರು, ಕಳೆದ ವರ್ಷ ಯಾರು ಎಲ್ಲಿ ನಿಂತಿದ್ದರೆಂಬ ಅರಿವು, ಸೇತುಬಂಧದ ಚಟುವಟಿಕೆ. ಉಳಿದದ್ದು ಮಕ್ಕಳ ಮುಖ ನೋಡಿದ ಮೇಲೆ ಮಾಡಿದರೇ ಚೆನ್ನ. ಗೋಡೆಗೆ ಬಣ್ಣದ ಚಾರ್ಟು ಅಂಟಿಸಲು ರಾತ್ರಿ ಒಂದರವರೆಗೆ ಕೂತು, ಫೋಟೋ ಗ್ರೂಪಿಗೆ ಹಾಕಿ, ಪಕ್ಕದ ಶಾಲೆಯ ಟೀಚರ ನಿದ್ದೆಯನ್ನೂ ಕೆಡಿಸುವ ಸ್ಪರ್ಧೆ ಬೇಕೆ? ಒಂದೇ ಪಾಠಕ್ಕೆ ಕ್ಲಸ್ಟರಿನ ಹತ್ತು ಶಾಲೆಯಲ್ಲಿ ಹತ್ತು ಜನ ಬೇರೆ ಬೇರೆ ಟಿಪ್ಪಣಿ ಬರೆಯುವುದು ಯಾಕೆ? ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳು ಹಂಚಿಕೊಡಲಿ, ಒಬ್ಬರು ಕನ್ನಡ, ಒಬ್ಬರು ಗಣಿತ ತಯಾರಿಸಿ ಬದಲಾಯಿಸಿಕೊಳ್ಳಲಿ. ಹೊಸದಾಗಿ ಸೇರಿದ ಅತಿಥಿ ಶಿಕ್ಷಕರಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ಅವರಿಗೆ ಬೇಸಿಗೆಯಲ್ಲಿ ಸಂಬಳವೂ ಇಲ್ಲ ಎಂಬುದನ್ನು ಖಾಯಂ ನೌಕರಿಯವರಾದ ನಾವು ಮರೆಯುತ್ತೇವೆ.

ಶಾಲೆಯಾಚೆ ಒಂದು ಬದುಕೂ ಬೇಕು. ಇಲ್ಲೇ ಹತ್ತಿರದ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು ಹೊಟ್ಟೆಪಾಡಿಗೆ ಮೇಷ್ಟ್ರೇ; ಸಾಗರ, ಉಡುಪಿಗಳಲ್ಲಿ ಕಾಲೇಜಿನ ಪ್ರಾಂಶುಪಾಲರಾಗಿಯೂ ದುಡಿದರು. ಸಾಲಿಗ್ರಾಮದ ಮಕ್ಕಳ ಮೇಳ ಕಟ್ಟಿದವರಲ್ಲಿ ಒಬ್ಬರಾದ ಎಚ್. ಶ್ರೀಧರ ಹಂದೆಯವರೂ ಶಾಲಾ ಶಿಕ್ಷಕರು. ಸಂಜೆಯ ಹೊತ್ತು ಅವರದೇ ಆಗಿದ್ದರಿಂದ ನಮಗೆ ಕಾವ್ಯ ಸಿಕ್ಕಿತು, ಯಕ್ಷಗಾನ ಕಲಿತ ಮಕ್ಕಳು ಸಿಕ್ಕರು. ತಾಳಮದ್ದಲೆಯಲ್ಲಿ ಅರ್ಥ ಹೇಳುವ, ಭಜನೆಗೆ ಕೂರುವ, ತೋಟಕ್ಕೆ ನೀರು ಬಿಡುವ ಮಾಷ್ಟ್ರು ತರಗತಿಗೆ ಬರುವಾಗ ಏನೋ ಹೊತ್ತು ತರುತ್ತಾರೆ. ರಾತ್ರಿಯೆಲ್ಲ ವರದಿ ತುಂಬಿದವರು ನಿದ್ದೆಗಣ್ಣನ್ನಷ್ಟೇ ತರುತ್ತಾರೆ.

ಮಧ್ಯಾಹ್ನದ ಬಹಿರಂಗ ಅಧಿವೇಶನಕ್ಕೆ ನಾನು ಸೂಚಿಸುವ ನಿರ್ಣಯ ಇದು. ಶಾಲೆ ತೆರೆಯುವ ಮೊದಲಿನ ಒಂದು ವಾರ ಯಾವ ತರಬೇತಿ, ಸಮೀಕ್ಷೆ, ಸಭೆಯನ್ನೂ ಇಡಬಾರದು. ರಜೆಯಲ್ಲಿ ಮಾಡಿಸಿದ ಕೆಲಸಕ್ಕೆ ಗಳಿಕೆ ರಜೆಯನ್ನು ಅದೇ ಆದೇಶದಲ್ಲಿ ನಮೂದಿಸಬೇಕು. ಸಂಜೆ ಆರರ ಮೇಲೆ ಇಲಾಖೆಯ ಗ್ರೂಪಿನಲ್ಲಿ ಮಳೆಯ ರಜೆ ಬಿಟ್ಟು ಬೇರೆ ಸಂದೇಶ ಬರಬಾರದು. ಪಾಠದ ಪೂರ್ವತಯಾರಿಗೆ ಶಾಲಾ ವೇಳಾಪಟ್ಟಿಯಲ್ಲೇ ದಿನಕ್ಕೊಂದು ಅವಧಿ ಇರಬೇಕು. ಇದಕ್ಕೆ ಹೊಸ ಕಾನೂನು ಬೇಡ, 45 ಗಂಟೆಯ ಆ ಸಾಲು ಸಾಕು. ವೇದಿಕೆಯಲ್ಲಿರುವ ಅಧಿಕಾರಿಗಳು ಇದನ್ನು ಮೇಲಕ್ಕೆ ತಲುಪಿಸಬೇಕೆಂದೂ, ಶಾಲಾಭಿವೃದ್ಧಿ ಸಮಿತಿಯಲ್ಲಿರುವ ಪೋಷಕರು ನಮ್ಮ ಜೊತೆ ನಿಲ್ಲಬೇಕೆಂದೂ ಕೇಳಿಕೊಳ್ಳುತ್ತೇನೆ. ಊಟ ಮುಗಿಸಿ ಯಾರೂ ಮನೆಗೆ ಹೊರಡಬೇಡಿ, ನಿರ್ಣಯಕ್ಕೆ ಕೈ ಎತ್ತಿ ಹೋಗಿ.