ಮನೆಬಾಗಿಲಿಗೆ ಬಂದ ಪ್ರಶ್ನೆ: ಪ್ಯಾರಿಷ್ ಕೌನ್ಸಿಲ್ ಬೇಕೆ, ಬೇಡವೆ?

(ಸುವರ್ಣ ಮಹೋತ್ಸವದ ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂಗ್ಲೆಂಡಿನ ವಿಚಾರ ಏನಾದರೂ ಮಕ್ಕಳಿಗೆ ಹೇಳಿ ಎಂದು ನನಗೆ ಆಜ್ಞೆಯಾಗಿದೆ. ಅಲ್ಲಿನ ಹಿಮ, ಅರಮನೆ, ಥೇಮ್ಸ್ ನದಿ ಇವನ್ನೆಲ್ಲ ನೀವು ಫೋನಿನಲ್ಲಿ ನನಗಿಂತ ಚೆನ್ನಾಗಿ ನೋಡಿರುತ್ತೀರಿ. ಹಾಗಾಗಿ ನಾನು ಒಂದು ಲಕೋಟೆಯ ವಿಷಯ ಹೇಳುತ್ತೇನೆ. ಪೌರನೀತಿ ಪಾಠ ಎಂದು ಮುಖ ಸಿಂಡರಿಸಬೇಡಿ, ಬೇಗ ಮುಗಿಸುತ್ತೇನೆ.

ನಾನಿರುವುದು ಅಲ್ಲಿನ ಒಂದು ಸಣ್ಣ ಪಟ್ಟಣದ ಅಂಚಿನ ಬಡಾವಣೆಯಲ್ಲಿ. ಅಲ್ಲಿಯ ಜಿಲ್ಲಾ ಕೌನ್ಸಿಲ್‌ನಿಂದ ಮನೆಮನೆಗೂ ಒಂದು ಪತ್ರ ಬಂತು. ನಿಮ್ಮ ಪ್ರದೇಶಕ್ಕೆ ಹೊಸದಾಗಿ ಒಂದು ಪ್ಯಾರಿಷ್ ಕೌನ್ಸಿಲ್ ರಚಿಸಬೇಕೆಂಬ ಬೇಡಿಕೆ ಬಂದಿದೆ, ನಿಮಗೆ ಬೇಕೆ? ಬೇಕಾದರೆ ಗಡಿ ಎಲ್ಲಿಂದ ಎಲ್ಲಿಗೆ? ಹೆಸರೇನು? ಸದಸ್ಯರು ಎಷ್ಟು ಜನ? ಇಂಥ ದಿನಾಂಕದೊಳಗೆ ತಿಳಿಸಿ. ಇಷ್ಟೇ ಪತ್ರ.

ಪ್ಯಾರಿಷ್ ಎಂದರೆ ನಮ್ಮಲ್ಲಿ ಚರ್ಚಿನ ವ್ಯಾಪ್ತಿ ಎಂದೇ ಅರ್ಥ. ಅಲ್ಲಿಯೂ ಮೂಲ ಅದೇ. ಬಡವರಿಗೆ ನೆರವು, ಊರಿನ ರಸ್ತೆ, ಇವನ್ನೆಲ್ಲ ಹಿಂದೆ ಚರ್ಚಿನ ಸಭೆಯೇ ನೋಡಿಕೊಳ್ಳುತ್ತಿತ್ತು. 1894ರ ಕಾನೂನು ಊರಿನ ಆಡಳಿತವನ್ನು ಚರ್ಚಿನಿಂದ ಬಿಡಿಸಿ ಜನ ಆರಿಸಿದ ಕೌನ್ಸಿಲ್‌ಗಳ ಕೈಗೆ ಕೊಟ್ಟಿತು. ಹೆಣ್ಣುಮಕ್ಕಳು ಗಮನಿಸಬೇಕಾದ ಒಂದು ಸಂಗತಿ ಇದೆ. ಅಲ್ಲಿ ಪಾರ್ಲಿಮೆಂಟಿಗೆ ಮಹಿಳೆಯರು ಮತ ಹಾಕಿದ್ದು 1918ರಲ್ಲಿ, ಅದೂ ಎಲ್ಲರೂ ಅಲ್ಲ. ಆದರೆ ಪ್ಯಾರಿಷ್ ಕೌನ್ಸಿಲ್‌ಗೆ ಮತ ಹಾಕಲು, ಚುನಾವಣೆಗೆ ನಿಲ್ಲಲು ಅರ್ಹ ಮಹಿಳೆಯರಿಗೆ 1894ರಲ್ಲೇ ಅವಕಾಶವಿತ್ತು. ಈಗ ಇಂಗ್ಲೆಂಡಿನಲ್ಲಿ ಇಂಥ ಕೌನ್ಸಿಲ್‌ಗಳು ಸುಮಾರು 10,000 ಇವೆ. ತಮಾಷೆಯೆಂದರೆ ರಾಜಧಾನಿಗೇ ಈ ಭಾಗ್ಯವಿರಲಿಲ್ಲ. 1963ರ ಕಾನೂನಿನಿಂದಾಗಿ ಲಂಡನ್ನಿನೊಳಗೆ ಪ್ಯಾರಿಷ್ ಕೌನ್ಸಿಲ್‌ಗಳಿಗೆ ಜಾಗವಿರಲಿಲ್ಲ. 2007ರಲ್ಲಿ ಆ ತಡೆ ಹೋಯಿತು. ಆಮೇಲೆ ಅಲ್ಲಿ ಮೊದಲು ಹುಟ್ಟಿದ್ದು ಕ್ವೀನ್ಸ್ ಪಾರ್ಕ್ ಎಂಬ ಭಾಗದ ಕೌನ್ಸಿಲ್, 2014ರಲ್ಲಿ.

ಕೆಲಸಗಳು ಸಣ್ಣವು. ಬೆಂಚು, ಬಸ್ ತಂಗುದಾಣ, ಆಟದ ಮೈದಾನ, ಸ್ಮಶಾನ, ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡು ನೆಲ, ಸಮುದಾಯ ಭವನ. ಊರಿನಲ್ಲಿ ಯಾರಾದರೂ ಕಟ್ಟಡ ಕಟ್ಟಲು ಅರ್ಜಿ ಹಾಕಿದರೆ ಅದರ ಬಗ್ಗೆ ಅಭಿಪ್ರಾಯ ಹೇಳಬಹುದು, ತೀರ್ಮಾನ ಮಾತ್ರ ಮೇಲಿನವರದು. ಖರ್ಚಿನ ಹಣ ಮನೆಗಳ ತೆರಿಗೆಯ ಜೊತೆಯಲ್ಲೇ ಸೇರಿ ಬರುತ್ತದೆ.

ನಮ್ಮ ಬಡಾವಣೆಯಲ್ಲಿ ಎಲ್ಲ ಶುರುವಾಗಿದ್ದು ಸಮುದಾಯ ಭವನದಿಂದ. ಹಳೆಯ ಕಟ್ಟಡ, ಮಳೆ ಬಂದರೆ ಮೂಲೆಯಲ್ಲಿ ಬಕೆಟ್ ಇಡಬೇಕು. ಆದರೂ ಮುದುಕರ ಚಹಾಕೂಟ, ಚಿಕ್ಕ ಮಕ್ಕಳ ಆಟದ ಗುಂಪು, ಹತ್ತಾರು ಕನ್ನಡ ಕುಟುಂಬಗಳು ಸೇರಿ ಮಾಡುವ ನಮ್ಮ ರಾಜ್ಯೋತ್ಸವ, ಎಲ್ಲ ಅಲ್ಲೇ. ದುರಸ್ತಿಗೆ ದುಡ್ಡಿಲ್ಲ, ಮಾರುವ ಆಲೋಚನೆ ಇದೆ ಎಂಬ ಮಾತು ಹೊರಬಿತ್ತು. ಆಗ ನಿವೃತ್ತ ಬಸ್ ಚಾಲಕರೊಬ್ಬರು ಕಾನೂನು ಓದಿಕೊಂಡು ಬಂದರು. 2,500ಕ್ಕಿಂತ ಹೆಚ್ಚು ಮತದಾರರಿರುವ ಕಡೆ ಶೇಕಡ 7.5ರಷ್ಟು ಮತದಾರರು ಸಹಿ ಮಾಡಿ ಅರ್ಜಿ ಕೊಟ್ಟರೆ ಮೇಲಿನ ಕೌನ್ಸಿಲ್ ಈ ವಿಚಾರವನ್ನು ಪರಿಶೀಲಿಸಲೇಬೇಕು. ನಮ್ಮಲ್ಲಿ ಮತದಾರರು ನಾಲ್ಕು ಸಾವಿರದ ಸುಮಾರು. ಮಕ್ಕಳೇ, ಲೆಕ್ಕ ಮಾಡಿ. ಹೌದು, ಮುನ್ನೂರು ಸಹಿ.

ಅವರು ನನ್ನ ಮನೆಗೂ ಬಂದರು. ನನ್ನದು ಭಾರತದ ಪಾಸ್‌ಪೋರ್ಟ್, ನನ್ನ ಸಹಿ ನಡೆಯುತ್ತದೆಯೇ ಎಂದು ಕೇಳಿದೆ. ಕಾಮನ್‌ವೆಲ್ತ್ ದೇಶದವರು ಕಾನೂನುಬದ್ಧವಾಗಿ ಅಲ್ಲಿ ನೆಲೆಸಿದ್ದರೆ ಮತ ಹಾಕಬಹುದು, ನಿಮ್ಮ ಹೆಸರು ಪಟ್ಟಿಯಲ್ಲೇ ಇದೆಯಲ್ಲ ಎಂದು ತೋರಿಸಿದರು. ಚುನಾವಣೆಗೂ ನಿಲ್ಲಬಹುದಂತೆ. ನನ್ನ ಪಾಸ್‌ಪೋರ್ಟನ್ನು ವಿಮಾನ ನಿಲ್ದಾಣದಲ್ಲಿ ತಿರುಗಿಸಿ ಮುರುಗಿಸಿ ನೋಡುವ ದೇಶ, ಊರಿನ ಬೆಂಚು ಎಲ್ಲಿ ಹಾಕಬೇಕು ಎಂದು ನನ್ನನ್ನೂ ಕೇಳುತ್ತದೆ!

ಸಾರ್ವಜನಿಕ ಸಭೆ ನಡೆದದ್ದು ಅದೇ ಸೋರುವ ಭವನದಲ್ಲಿ. ಎಲ್ಲರೂ ಹೌದಪ್ಪ ಎಂದರು ಅಂದುಕೊಳ್ಳಬೇಡಿ. ಒಬ್ಬ ಹಿರಿಯರು ಎದ್ದು, ಈಗಾಗಲೇ ಕೌಂಟಿಗೂ ಜಿಲ್ಲೆಗೂ ತೆರಿಗೆ ಕಟ್ಟುತ್ತಿದ್ದೇನೆ, ಮೂರನೆಯವರು ಯಾಕೆ ಎಂದರು. ತಿಂಗಳಿಗೆ ಒಂದೆರಡು ಕಾಫಿಯ ಬೆಲೆ ಅಷ್ಟೇ ಎಂದು ಉತ್ತರ ಬಂತು. ಅವರು ಬಿಡಲಿಲ್ಲ. ದೊಡ್ಡ ಕೌನ್ಸಿಲ್‌ಗಳು ಒಂದು ಮಿತಿ ಮೀರಿ ತೆರಿಗೆ ಏರಿಸಬೇಕಾದರೆ ಜನಮತ ಪಡೆಯಬೇಕು, ಪ್ಯಾರಿಷ್‌ಗಳಿಗೆ ಸರ್ಕಾರ ಆ ಕಡಿವಾಣ ಹಾಕಿಲ್ಲ, ಇವತ್ತು ಕಾಫಿ, ನಾಳೆ ಊಟ ಎಂದರು. ಅವರು ಹೇಳಿದ್ದು ನಿಜ. ನಾನು ಸಹಿ ಮಾಡಿದವನೇ, ಆದರೂ ಆ ಸಭೆಯಲ್ಲಿ ಅತ್ಯಂತ ಸಿದ್ಧತೆಯಿಂದ ಬಂದಿದ್ದವರು ಅವರೊಬ್ಬರೇ ಎಂದು ಹೇಳಲೇಬೇಕು. ಹೊಸ ಕೌನ್ಸಿಲ್ ಬಂದ ಮಾತ್ರಕ್ಕೆ ಭವನ ತಾನಾಗಿ ನಮ್ಮದಾಗುವುದಿಲ್ಲ, ಅದಕ್ಕೆ ಬೇರೆ ಮಾತುಕತೆಯಾಗಬೇಕು ಎಂಬುದನ್ನು ಅಧಿಕಾರಿಯ ಬಾಯಿಂದ ಹೇಳಿಸಿದವರೂ ಅವರೇ.

ಗಡಿಯ ವಿಚಾರಕ್ಕೆ ಎರಡು ಗಂಟೆ ಹಿಡಿಯಿತು. ರೈಲು ಹಳಿಯ ಆಚೆ ಹೊಸ ಮನೆಗಳಾಗಿವೆ. ಅವರನ್ನು ಸೇರಿಸಿದರೆ ತೆರಿಗೆ ಹಂಚಿಹೋಗುತ್ತದೆ ಎಂದು ನಮ್ಮವರ ಆಸೆ, ನಮಗೂ ನಿಮಗೂ ಏನು ಸಂಬಂಧ ಎಂದು ಆಚೆಯವರು. ಗಡಿಯು ಅಲ್ಲಿಯ ಸಮುದಾಯದ ಗುರುತನ್ನು ಮತ್ತು ಹಿತವನ್ನು ಪ್ರತಿಬಿಂಬಿಸಬೇಕು, ಆಡಳಿತಕ್ಕೂ ಅನುಕೂಲವಾಗಿರಬೇಕು ಎಂದು ಕಾನೂನು ಹೇಳುತ್ತದೆ. ನಮ್ಮ ಗುರುತು ಹಳಿಯ ಹತ್ತಿರ ನಿಲ್ಲುತ್ತದೆಯೋ ದಾಟುತ್ತದೆಯೋ ಎಂದು ಯಾರು ಹೇಳಬೇಕು? ಆಚೆಕಡೆಯ ಒಬ್ಬ ತಾಯಿ, ನನ್ನ ಮಗು ದಿನಾ ಸೇತುವೆ ದಾಟಿ ಇಲ್ಲಿಗೇ ಆಡಲು ಬರುತ್ತದೆ ಎಂದಾಗ ಸಭೆ ಸ್ವಲ್ಪ ಮೆತ್ತಗಾಯಿತು.

ಅಲ್ಲಿ ಕುಳಿತಾಗ ನನಗೆ ನಮ್ಮ ಸೋದರತ್ತೆಯ ಊರು ನೆನಪಾಯಿತು. ಅದನ್ನು ಹಳ್ಳದಾಚೆಯ ಪಂಚಾಯಿತಿಗೆ ಸೇರಿಸಿದ್ದು ಅವರಿಗೆ ತಿಳಿದದ್ದು ಮನೆಯ ಖಾತೆಯ ನಕಲಿಗೆ ಹೋಗಿ ಬರಿಗೈಲಿ ಹಿಂದಿರುಗಿದಾಗ. ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲಿ ಒಂದು ಗ್ರಾಮ ಪಂಚಾಯಿತಿಗೆ 5,000ದಿಂದ 7,000 ಜನಸಂಖ್ಯೆ, ಮಲೆನಾಡಿನ ಜಿಲ್ಲೆಗಳಲ್ಲಾದರೆ 2,500 ಇದ್ದರೂ ಸಾಕು ಎಂದಿದೆ. ಮೊದಲು ಪ್ರಕಟಣೆ ಹೊರಡಿಸಿಯೇ ಜಿಲ್ಲಾಧಿಕಾರಿಗಳು ಪ್ರದೇಶವನ್ನು ಘೋಷಿಸಬೇಕು. ಆ ಪ್ರಕಟಣೆ ಅತ್ತೆಯ ಅಡುಗೆಮನೆಯವರೆಗೆ ಬರಲಿಲ್ಲ, ಅಷ್ಟೇ.

ಹಾಗೆಂದು ಅವರದೇ ಮೇಲು ಎನ್ನಲು ನಾನು ಬಂದಿಲ್ಲ. ಅಲ್ಲಿ ಎಷ್ಟೋ ಪ್ಯಾರಿಷ್‌ಗಳಲ್ಲಿ ಸ್ಪರ್ಧೆಯೇ ಇರುವುದಿಲ್ಲ. ಸೀಟು ಖಾಲಿ ಉಳಿದು, ಗೆದ್ದವರೇ ಪರಿಚಯದವರನ್ನು ಕರೆದು ಕೂರಿಸುತ್ತಾರೆ. ಇಲ್ಲಿ ಸುಮಾರು 400 ಜನರಿಗೊಬ್ಬ ಸದಸ್ಯ, ಅರ್ಧದಷ್ಟು ಮಹಿಳೆಯರಿಗೆ ಮೀಸಲು, ಪರಿಶಿಷ್ಟರಿಗೆ ಮೀಸಲು. ನಮ್ಮ ಸಭೆಗೆ ಬಂದವರನ್ನು ನಾನು ಎಣಿಸಿದೆ. ಹೆಚ್ಚಿನವರು ಬಿಳಿಕೂದಲಿನವರು, ಸ್ವಂತ ಮನೆಯವರು. ಬಾಡಿಗೆ ಮನೆಯ ಹುಡುಗರು, ರಾತ್ರಿ ಪಾಳಿಯ ನರ್ಸುಗಳು ಇರಲೇ ಇಲ್ಲ. ಹಾಗಾಗಿ ಮರುವಾರ ನಾವು ಮೂರು ಜನ ಅರ್ಜಿ ನಮೂನೆ ಹಿಡಿದು ಅವರ ಬಾಗಿಲು ತಟ್ಟಿದೆವು. ಕೇರಳದ ಒಬ್ಬ ನರ್ಸು ನಮೂನೆ ನೋಡಿ ನಕ್ಕು, ನಮ್ಮೂರಿನಲ್ಲಿ ನನ್ನ ತಾಯಿ ಪಂಚಾಯತ್ ಮೆಂಬರ್, ಕೊಡಿ ಇತ್ತ ಎಂದು ನಿಂತಲ್ಲೇ ಒಂದು ಪುಟ ಬರೆದುಕೊಟ್ಟರು.

ಇದು ಮತದಾನವಲ್ಲ, ಅಭಿಪ್ರಾಯ ಕೇಳುವುದು ಮಾತ್ರ. ಕೊನೆಯ ಮಾತು ಮೇಲಿನ ಕೌನ್ಸಿಲ್‌ನದೇ. ಆದರೆ ಬಂದ ಅಭಿಪ್ರಾಯಗಳನ್ನು ಪರಿಗಣಿಸದೆ ಅವರು ಮುಂದುವರಿಯುವಂತಿಲ್ಲ. ಕರಡು ಶಿಫಾರಸು ಬಂತು, ಮತ್ತೊಮ್ಮೆ ಕೇಳಿದರು. ಹಳಿಯ ಆಚೆಯ ಎರಡು ಬೀದಿ ಒಳಗೆ ಬಂದವು, ಉಳಿದವು ಹೊರಗೆ. ಹೆಸರಿನ ಜಗಳ ಹೇಳಿದರೆ ನಿಮ್ಮ ಊಟ ತಣ್ಣಗಾಗುತ್ತದೆ. ಕೌನ್ಸಿಲ್ ರಚಿಸುವ ಆದೇಶವಾಗಿದೆ. ಬರುವ ಮೇ ತಿಂಗಳ ಮೊದಲ ಗುರುವಾರ ಮೊದಲ ಚುನಾವಣೆ. ಆ ತೆರಿಗೆಯ ಹಿರಿಯರು ನಿಲ್ಲುತ್ತಾರಂತೆ, ಲೆಕ್ಕ ನೋಡಿಕೊಳ್ಳಲು ಯಾರಾದರೂ ಇರಬೇಕಲ್ಲ ಎಂದು. ನನ್ನ ಒಂದು ಮತ ಅವರಿಗೆ.

ಭವನದ ಮಾತುಕತೆ ಇನ್ನೂ ಮುಗಿದಿಲ್ಲ. ಈ ವರ್ಷದ ರಾಜ್ಯೋತ್ಸವಕ್ಕೆ ಪಕ್ಕದ ಶಾಲೆಯ ಊಟದ ಹಾಲ್ ಬಾಡಿಗೆಗೆ ಹಿಡಿದಿದ್ದೇವೆ. ಮಕ್ಕಳಿಗೆ ಪ್ರಶ್ನೆಗಳಿದ್ದರೆ ಊಟದ ಪಂಕ್ತಿಯಲ್ಲಿ ಕೇಳಿ, ನಾನು ಹತ್ತನೇ ತರಗತಿಯವರ ಜೊತೆಯಲ್ಲೇ ಕೂರುತ್ತೇನೆ.